ಗಡಿಯಾರ ನೋಡಿಕೊಳ್ಳಿ ಎಂದ ಯಂತ್ರ

ಗಡಿಯಾರ ರಿಪೇರಿಯವನ ಮನೆಯ ಗೋಡೆ ತುಂಬ ಗಡಿಯಾರಗಳೇ. ಆದರೂ ಹೊತ್ತೆಷ್ಟಾಯಿತೆಂದು ತಿಳಿಯಲು ಅವನ ಹೆಂಡತಿ ಪಕ್ಕದ ಮನೆಯ ಬಾಗಿಲು ತಟ್ಟಬೇಕಿತ್ತು. ಒಂದು ಗಡಿಯಾರ ಮೂರು ಎನ್ನುತ್ತಿತ್ತು, ಇನ್ನೊಂದು ಒಂಬತ್ತು. ಇದು ಸೋಮಾರಿತನವಲ್ಲ, ಅವನ ಕಸುಬಿನ ನೇಮ. ರಿಪೇರಿಗೆ ಬಂದದ್ದು ವಾರವಿಡೀ ನಿಲ್ಲದೆ ಓಡಿ ತೋರಿಸುವ ತನಕ ಅವನು ಮುಳ್ಳು ಮುಟ್ಟುತ್ತಿರಲಿಲ್ಲ. "ಮೊದಲು ಓಡೋದು ಕಲೀಲಿ. ಹೊತ್ತು ಆಮೇಲೆ" ಎನ್ನುತ್ತಿದ್ದ. ಹೊತ್ತು ಕಲಿತ ಗಡಿಯಾರವನ್ನು ಗಿರಾಕಿ ಬಂದು ಒಯ್ಯುತ್ತಿದ್ದ. ಹೀಗಾಗಿ ಸರಿಯಾದ ಗಡಿಯಾರವೆಂಬುದು ಆ ಮನೆಯಲ್ಲಿ ಒಂದು ರಾತ್ರಿ ತಂಗಿದ್ದೂ ಇಲ್ಲ.

ಹೆಂಡತಿ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಬಸ್ಸು ತಪ್ಪಿಸಿಕೊಂಡು ಏದುಸಿರು ಬಿಡುತ್ತ ಹೋದಾಗಲೆಲ್ಲ ಮೇಲ್ವಿಚಾರಕಿ, "ಗಂಡ ಊರಿಗೆಲ್ಲ ಟೈಮ್ ಹಂಚ್ತಾನೆ, ಮನೇಲಿ ಒಂದು ಚೂರೂ ಉಳಿಸಲ್ವಾ?" ಎಂದು ಚುಚ್ಚುತ್ತಿದ್ದಳು. ಇವಳು ಕಿವಿಗೆ ಹಾಕಿಕೊಳ್ಳದೆ ಇಸ್ತ್ರಿ ಎತ್ತಿಕೊಳ್ಳುತ್ತಿದ್ದಳು.

ಅವನ ಪ್ರಾಣವೆಲ್ಲ ಇದ್ದದ್ದು ಊರಿನ ಕಚೇರಿಯ ಗೋಪುರದ ದೊಡ್ಡ ಗಡಿಯಾರದಲ್ಲಿ. ಅದಕ್ಕೆ ಕೀ ಕೊಡುವುದು ಅವನ ತಾತನ ಕಾಲದಿಂದ ಆ ಮನೆಯ ಹಕ್ಕು. ಗೋಪುರಕ್ಕೆ ಸುಣ್ಣ ಬಳಿಯಲು ಬಂದವರು ಕೆಳಗೆ ಬಿಚ್ಚಿಟ್ಟಿದ್ದ ಎರಡು ಹಲ್ಲುಚಕ್ರಗಳನ್ನು ಗುಜರಿಗೆ ಹಾಕಿದರು. ಗುಜರಿಯವನು ಕರಗಿಸಿಯೂ ಆಗಿತ್ತು. ಹೊಸ ಚಕ್ರ ಕಡೆದುಕೊಡುವವನು ಸಿದ್ಧನಿದ್ದ, ಆದರೆ ಯಾವುದಕ್ಕೆ ಎಷ್ಟು ಹಲ್ಲು ಎಂದು ಹೇಳುವವರಿಲ್ಲ. ಇವನು ಕಾಗದದ ಮೇಲೆ ಗುಣಿಸಿ, ಭಾಗಿಸಿ ಒಂದು ಜೋಡಿ ಮಾಡಿಸಿ ಹಾಕಿದ. ಗಡಿಯಾರ ಓಡಿತು, ಮುಂದಮುಂದಕ್ಕೇ ಓಡಿತು. ಆ ವಾರ ಕಚೇರಿಯವರೆಲ್ಲ ಹೊತ್ತಿಗೆ ಮುಂಚೆಯೇ ಮನೆ ಸೇರಿ, ಇಂಥ ರಿಪೇರಿ ಹಿಂದೆಂದೂ ಆಗಿರಲಿಲ್ಲ ಎಂದು ಹೊಗಳಿದರು. ಕಚೇರಿಯ ಅಧಿಕಾರಿ ಮಾತ್ರ ಹೊಗಳಲಿಲ್ಲ. "ಸೋಮವಾರದೊಳಗೆ ಸರಿಹೋದ್ರೆ ಸರಿ. ಇಲ್ದಿದ್ರೆ ಇದನ್ನ ಇಳಿಸಿ, ಮಿನುಗೋ ಅಂಕಿಗಳ ಬೋರ್ಡು ಹಾಕಿಸ್ತೀನಿ" ಎಂದ.

ಇಂಥ ಲೆಕ್ಕಕ್ಕೆಂದೇ ಅವನ ತೀರಿಹೋದ ಅಣ್ಣ, ಗಣಿತದ ಮೇಷ್ಟ್ರು, ಒಂದು ಪ್ರೋಗ್ರಾಂ ಬರೆದಿಟ್ಟಿದ್ದ. ಬರೆದದ್ದು ಲಿಸ್ಪ್ ಎಂಬ ಭಾಷೆಯಲ್ಲಿ. ಸಾಲುಸಾಲೂ ಕಂಸಗಳು, ಕತ್ತರಿಸಿ ಚೆಲ್ಲಿದ ಉಗುರಿನ ಹಾಗೆ. ಅಣ್ಣನ ಕಂಪ್ಯೂಟರು ಅಣ್ಣನ ಹಿಂದೆಯೇ ಹೋಯಿತು, ಪ್ರೋಗ್ರಾಂ ಮಾತ್ರ ಒಂದು ಫ್ಲಾಪಿಯಲ್ಲಿ ಉಳಿದಿತ್ತು. ಹೆಂಡತಿಯ ತಮ್ಮ, ವೈರಿಂಗ್ ಕೆಲಸದವನು, ಯಾವುದೋ ಆಫೀಸಿನವರು ಬಿಸಾಡಿದ್ದ ಹಳೆಯದೊಂದನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ತಂದ. ಆ ಭಾಷೆಯನ್ನು ಯಂತ್ರಕ್ಕೆ ಅರ್ಥ ಮಾಡಿಸುವ ಕಂಪೈಲರ್ ಅದಕ್ಕೆ ಸಿದ್ಧರೂಪದಲ್ಲಿ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಅದರ ಮೂಲ ಬರಹವಿದ್ದ ಒಂದು ಸಿ.ಡಿ.

"ಇದು ಹೊಲಿದ ಅಂಗಿ ಅಲ್ಲ ಭಾವ, ಬಟ್ಟೆ ಥಾನು. ಅಳತೆ ತಗೊಂಡು ಇಲ್ಲೇ ಹೊಲ್ಕೋಬೇಕು. ಹೊಲಿಯೋ ಕೆಲಸಾನೂ ಯಂತ್ರಾನೇ ಮಾಡುತ್ತೆ, ನೀವು ಹೇಳಿದ್ರೆ ಸಾಕು" ಎಂದು ತಮ್ಮ ಏನೇನು ಒತ್ತಬೇಕೆಂದು ತೋರಿಸಿ ಕೆಲಸಕ್ಕೆ ಹೋದ.

ಭಾವ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಒತ್ತಿದ. ಯಂತ್ರ ಗುರುಗುಟ್ಟಿತು, ಪರದೆ ತುಂಬ ಸಾಲು ಓಡಿಸಿತು, ನಿಂತಿತು. ಕೊನೆಯ ಸಾಲನ್ನು ಅವನು ಅಕ್ಷರ ಕೂಡಿಸಿ ಓದಿಕೊಂಡ. ಮುಖ ಕೆಂಪಾಯಿತು.

"ಏನಂತೆ?" ಎಂದಳು ಹೆಂಡತಿ.

"ಗಡಿಯಾರ ನೋಡ್ಕೊಳ್ಳಿ ಅಂತೆ! ನನಗೆ! ಮೂರು ತಲೆಮಾರಿಂದ ನಾವು ಇನ್ನೇನು ನೋಡ್ತಾ ಇದ್ವಿ?"

"ಹಾಗಾದ್ರೆ ಒಂದ್ಸಲ ನೋಡಬಾರ್ದಾ?"

"ಮೊದಲು ಇದು ಓಡೋದು ಕಲೀಲಿ. ಹೊತ್ತು ಆಮೇಲೆ."

ಸಂಜೆ ಬಂದ ತಮ್ಮ, "ಏನಂತು ಭಾವ?" ಎಂದು ಕೇಳಿದ. ಒಂದು ಯಂತ್ರ ತನಗೆ ಕಸುಬು ಹೇಳಿಕೊಟ್ಟಿತೆಂದು ಹೆಂಡತಿಯ ತಮ್ಮನ ಮುಂದೆ ಒಪ್ಪಿಕೊಳ್ಳುವುದುಂಟೆ? "ಏನೋ ಗೊಣಗ್ತು, ನಿಂತೋಯ್ತು" ಎಂದು ಪರದೆ ಆರಿಸಿಬಿಟ್ಟ. ಪಾಪ ತಮ್ಮ, ಮೆಮೊರಿ ಸಾಲದೇನೋ ಎಂದು ಎಲ್ಲಿಂದಲೋ ಒಂದು ಪಟ್ಟಿ ತಂದು ಸಿಕ್ಕಿಸಿದ. ನಿಂತಿತು. ಬಿಸಿಯೇರುತ್ತಿರಬೇಕೆಂದು ಫ್ಯಾನು ಬಿಚ್ಚಿ ಧೂಳು ಊದಿದ, ಮನೆಯವರೆಲ್ಲ ಸೀನಿದರು. ಆಗಲೂ ನಿಂತಿತು. ಸಿ.ಡಿ. ಒರೆಸಿದ, ವೈರು ಬದಲಿಸಿದ. ನಿಂತಾಗಲೆಲ್ಲ ಕೊನೆಯ ಸಾಲು ಅವನ ಕಣ್ಣಿಗೆ ಬೀಳುವ ಮೊದಲೇ ಭಾವ ಪರದೆ ಆರಿಸುತ್ತಿದ್ದ. ಭಾವನಂತೂ ಹಲ್ಲುಕಚ್ಚಿಕೊಂಡು, ಯಂತ್ರ ಹೇಳಿದ್ದೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಶ್ರದ್ಧೆಯಿಂದ ಮಾಡಿಸಿದ. ಹೆಂಡತಿ ಎರಡು ಸಲ ಬಾಯಿ ತೆರೆದಳು. ಗಂಡನ ಕಣ್ಣು ನೋಡಿ ಮುಚ್ಚಿಕೊಂಡಳು.

ಶನಿವಾರ ಬೆಳಗ್ಗೆ ಭಾವ, ತಮ್ಮ ಇಬ್ಬರೂ ಯಂತ್ರದ ಮುಂದೆ ಗಲ್ಲಕ್ಕೆ ಕೈಕೊಟ್ಟು ಕುಳಿತಿದ್ದರು. ಇವಳು ಚೀಲ ಹೆಗಲಿಗೇರಿಸಿ ಹೊರಟವಳು, ಅಭ್ಯಾಸಬಲದಿಂದ ಹೊತ್ತು ಹುಡುಕುತ್ತ ಪರದೆಯ ಮೂಲೆಗೆ ಕಣ್ಣು ಹಾಯಿಸಿದಳು. ಹಾಗೇ ನಿಂತಳು.

"ಏನೋ ಇದು? ಇದರ ಪ್ರಕಾರ ನಿನಗಿನ್ನೂ ಮದುವೇನೇ ಆಗಿಲ್ವಲ್ಲೋ!"

ತಮ್ಮ ಬಗ್ಗಿ ವರ್ಷ ನೋಡಿದ. "ಅಯ್ಯೋ ಅಕ್ಕ, ಹಾಗಾದ್ರೆ ಇದನ್ನ ಹೀಗೇ ಬಿಟ್ಬಿಡೋಣ!" ಎಂದು ನಕ್ಕವನು ಥಟ್ಟನೆ ನಗು ನಿಲ್ಲಿಸಿದ. "ಭಾವ, ಇದು ಗಡಿಯಾರದ ವಿಷಯ ಏನಾದ್ರೂ ಅಂದಿತ್ತಾ?"

ಭಾವ ಭೂತಗನ್ನಡಿ ತೆಗೆದು ಒರೆಸತೊಡಗಿದ. ಒರೆಸುತ್ತಲೇ ಇದ್ದ.

"ಅಂದಿತ್ತು" ಎಂದಳು ಹೆಂಡತಿ.

"ಅಲ್ಲ ಭಾವ, ಯಾವುದು ಮೊದಲಿಂದು, ಯಾವುದು ಆಮೇಲಿಂದು ಅಂತ ಹೊತ್ತು ನೋಡ್ಕೊಂಡೇ ಇದು ಕೆಲಸ ಮಾಡೋದು. ಸಿ.ಡಿ.ಯಲ್ಲಿರೋದು ಈಚಿನದು, ಇದು ಇವತ್ತು ಮಾಡಿದ್ದು ಎಷ್ಟೋ ವರ್ಷ ಹಿಂದಿಂದು. ಈಗ ಹುಟ್ಟಿದ ಮಗು ತಾತನಿಗಿಂತ ದೊಡ್ಡದು ಅಂದ್ರೆ, ಪಾಪ, ಅದಕ್ಕಾದ್ರೂ ತಲೆ ಕೆಡಲ್ವಾ?" ಯಂತ್ರದ ಹೊಟ್ಟೆ ಬಿಚ್ಚಿ, ನಾಣ್ಯದಂಥ ಸತ್ತ ಸೆಲ್ಲೊಂದನ್ನು ಕಿತ್ತು ಭಾವನ ಅಂಗೈಗಿಟ್ಟ. ಅಂಥ ಸೆಲ್ಲುಗಳು ಭಾವನ ಮೇಜಿನ ಡಬ್ಬಿ ತುಂಬ ಇದ್ದವು. ಅವನು ಒಂದನ್ನು ಆರಿಸಿ ಕೊಟ್ಟ.

ತಮ್ಮ ವರ್ಷ, ತಿಂಗಳು, ದಿನ ಒತ್ತಿದ. "ಈಗ ಗಂಟೆ ಎಷ್ಟು?"

ಗೋಡೆಯ ಗಡಿಯಾರಗಳೆಲ್ಲ ತಮತಮಗೆ ತೋಚಿದ್ದು ಹೇಳುತ್ತಿದ್ದವು. ತಮ್ಮನ ಕೈಗಡಿಯಾರವೂ ಭಾವನ ಮೇಜಿನ ಮೇಲೆ ಓಡುವುದನ್ನು ಕಲಿಯುತ್ತಿತ್ತು. ಹೊರಗೆ ಬಸ್ಸು ಬುಸ್ಸೆಂದು ಹಾದುಹೋಯಿತು.

"ಎಂಟೂವರೆ ಬಸ್ಸು ಹೋಯ್ತು" ಎಂದಳು ಅವಳು, ಹಣೆ ಚಚ್ಚಿಕೊಂಡು. "ಎಂಟೂವರೆ ಅಂತ ಹಾಕು."

ತಮ್ಮ ಹಾಕಿದ.

ಯಂತ್ರ ಈ ಸಲ ಗುರುಗುಟ್ಟಿ ನಿಲ್ಲಲಿಲ್ಲ. ಅವಳು ಮುಂದಿನ ಬಸ್ಸು ಹಿಡಿದು ಹೋಗಿ, ಬೈಸಿಕೊಂಡು, ಇಸ್ತ್ರಿ ಮುಗಿಸಿ ಬರುವಷ್ಟರಲ್ಲಿ ಕಂಪೈಲರ್ ಕಟ್ಟಿ ಮುಗಿದಿತ್ತು. ಅಣ್ಣನ ಕಂಸಗಳು ಬಾಯಿಬಿಟ್ಟು ಎರಡೂ ಚಕ್ರಗಳ ಹಲ್ಲು ಹೇಳಿದ್ದವು. ಚಕ್ರ ಕಡೆಯುವವನು ಭಾನುವಾರ ಹೊಸ ಜೋಡಿ ಕೊಟ್ಟುಹೋದ.

ಸೋಮವಾರ ಗೋಪುರ ಹತ್ತುವ ಮುನ್ನ ಗಂಡ ಬಾಗಿಲಲ್ಲಿ ತಡೆದು ನಿಂತ. "ಓಡ್ಲಿ ಅಂತ ವಾರ ಕಾಯೋಕೆ ಅಧಿಕಾರಿ ಬಿಡಲ್ಲ. ಈ ಸಲ ಹೊತ್ತೂ ಇಟ್ಟೇ ಇಳೀತೀನಿ" ಎಂದು, ಸಣ್ಣ ತಪ್ಪು ಮಾಡಲು ಹೊರಟವನ ಹಾಗೆ ನೆಲ ನೋಡಿದ. ಆಮೇಲೆ ಮನೆಯಲ್ಲಿ ಅವನು ನಂಬುವಂತಿದ್ದ ಒಂದೇ ಗಡಿಯಾರಕ್ಕೆ, ಅಂದರೆ ಪರದೆಯ ಮೂಲೆಗೆ, ಮೇಜಿನ ಮೇಲಿದ್ದೊಂದು ಕೈಗಡಿಯಾರ ಹೊಂದಿಸಿಕೊಂಡು ಹೋದ.

ಅವಳಿಗೆ ಆಗ ಹೊಳೆಯಿತು. ಎಂಟೂವರೆ ಬಸ್ಸು ಎಂಟೂವರೆಗೆ ಬಂದದ್ದನ್ನು ಊರಲ್ಲಿ ಯಾರೂ ಕಂಡವರಿಲ್ಲ, ದಿನವೂ ಒಂದೇ ಸಮನೆ ತಡ. ಹೇಳಿಬಿಡೋಣವೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಬೀದಿ ತಿರುಗಿದ್ದ.

ದೊಡ್ಡ ಗಡಿಯಾರ ಹೊಡೆಯಿತು. ಅಧಿಕಾರಿ ಕೆಳಗೆ ನಿಂತು ತನ್ನ ಕೈಗಡಿಯಾರ ನೋಡಿದ, ಗೋಪುರ ನೋಡಿದ, ಕೈಗಡಿಯಾರವನ್ನು ಕಿವಿಗಿಟ್ಟು ಅಲ್ಲಾಡಿಸಿದ. ಕೊನೆಗೆ ಗೋಪುರಕ್ಕೆ ಸರಿಯಾಗಿ ಅದನ್ನೇ ತಿದ್ದಿಕೊಂಡ. ಬೋರ್ಡಿನ ಮಾತು ಅಲ್ಲಿಗೇ ನಿಂತಿತು. ಶಾಲೆ, ಅಂಗಡಿ, ಆಸ್ಪತ್ರೆ ಎಲ್ಲವೂ ತಿದ್ದಿಕೊಂಡವು.

ಆ ಊರಿನಲ್ಲಿ ಈಗ ಎಂಟೂವರೆ ಬಸ್ಸು ಕರೆಕ್ಟಾಗಿ ಎಂಟೂವರೆಗೆ ಬರುತ್ತದೆ. ಡ್ರೈವರನಿಗೆ ಮೇಲಿನವರಿಂದ ಶಹಬ್ಬಾಸ್‌ಗಿರಿ ಸಿಕ್ಕಿದೆಯಂತೆ. ಗಡಿಯಾರದವನ ಹೆಂಡತಿ ಗೋಪುರ ಹೊಡೆಯುವುದನ್ನು ಕೇಳಿಕೊಂಡು ಮನೆ ಬಿಡುತ್ತಾಳೆ, ಒಂದು ದಿನವೂ ಬಸ್ಸು ತಪ್ಪಿಲ್ಲ.

"ಕೊನೆಗೂ ಗಂಡ ಮನೆಗೂ ಒಂಚೂರು ಟೈಮ್ ಉಳಿಸಿದ ಅನ್ನು" ಎಂದಳು ಮೇಲ್ವಿಚಾರಕಿ.

"ಹೂಂ ಅಮ್ಮ, ಅವರೇ" ಎಂದು ಅವಳು ಇಸ್ತ್ರಿ ಎತ್ತಿಕೊಂಡಳು.