ತಂಬಿಯೂ ಅಲ್ಲ, ಮಿಲ್ಟ್ರಿಯೂ ಅಲ್ಲ

ಮರಳವಾಡಿಯಲ್ಲಿ ಕುರಿ ಸಾಕುವ ಚಿಕ್ಕಬೀರಯ್ಯನ ಮಗ ಮುತ್ತುರಾಜು ಸೇನೆ ಸೇರಿದಾಗ ಮೊದಲು ತಲೆಗೂದಲು ಹೋಯಿತು, ಆಮೇಲೆ ಹೆಸರು. ದಕ್ಷಿಣದಿಂದ ಬಂದ ಸಿಪಾಯಿಗಳೆಲ್ಲ ಅಲ್ಲಿ 'ತಂಬಿ'ಗಳು. ತಾನು ಕನ್ನಡದವನು ಎಂದು ಮೊದಮೊದಲು ತಿದ್ದಿದ. ಕೇಳಿದವರು ನಕ್ಕು, "ಸರಿ ತಂಬಿ" ಎಂದರು. ಅದೇ ತುಕಡಿಯಲ್ಲಿದ್ದ ಹೊಂಗನೂರಿನ ನರಸಯ್ಯ ಸಮಾಧಾನ ಮಾಡುತ್ತಿದ್ದ: "ವೋಗ್ಲಿ ಬುಡ್ಲಾ, ತಂಬಿ ಅಂದ್ರೆ ತಮ್ಮ ಅಂತ ತಾನೆ?"

೨೦೦೨ರಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲಬಾಂಬು ಹೂಳುವಾಗ ಒಂದು ಸಿಡಿಯಿತು. ಡೇರೆಯಲ್ಲಿ ಊಟಕ್ಕೆ ಕೂತಿದ್ದ ಮುತ್ತುರಾಜುವಿಗೆ ಹೊರಗೆ ಲಾರಿ ಚಾಲಕನೊಬ್ಬ ಆಡಿದ ಮಾತು ಕೇಳಿಸಿತು: "ಒಬ್ಬ ತಂಬಿ ಹೋದ." ತಟ್ಟೆ ಬಿಟ್ಟು ಓಡಿ, ಯಾವ ತಂಬಿ ಎಂದು ಕೇಳಿದ. ಚಾಲಕ ಭುಜ ಕುಣಿಸಿದ. ಕೊನೆಗೆ ಮುತ್ತುರಾಜು ತಾನೇ ಹೆಣದ ಮೇಲಿನ ಕಂಬಳಿ ಸರಿಸಿ ಮುಖ ನೋಡಬೇಕಾಯಿತು. ನರಸಯ್ಯ. ಚಾಲಕನ ಕೊರಳಪಟ್ಟಿ ಹಿಡಿದದ್ದಕ್ಕೆ ಶಿಕ್ಷೆಯಾಯಿತು. ಹಿಡಿದದ್ದಕ್ಕೆ ಅವನಿಗೆ ಇವತ್ತಿಗೂ ಬೇಸರವಿಲ್ಲ.

ನಿವೃತ್ತನಾಗಿ ಬರುವ ಹೊತ್ತಿಗೆ ಹಾರೋಹಳ್ಳಿಯ ಹೊಲಗಳಲ್ಲಿ ಕಾರ್ಖಾನೆಗಳೆದ್ದಿದ್ದವು. ಒಂದು ಬಣ್ಣದ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ನಿಂತ. ಈಗ ಅವನು 'ಮಿಲ್ಟ್ರಿ'. ಊರವರು ಸೇನೆಯ ಕ್ಯಾಂಟೀನಿನ ರಮ್ ಕೇಳುವುದಕ್ಕೆ ಹಾಗೆ ಕರೆದರೆ, ಮ್ಯಾನೇಜರ್ ಕಾರಿನ ಗಾಜು ಅರ್ಧ ಇಳಿಸಿ, "ಏ ಮಿಲ್ಟ್ರಿ, ಗೇಟು" ಎನ್ನುತ್ತಿದ್ದ.

೨೦೦೮ರ ಒಂದು ಮಧ್ಯಾಹ್ನ ಡ್ರಮ್ಮೊಂದು ಸಿಡಿದು ಜೊತೆಯ ಕಾವಲುಗಾರ ಸಮದನ ಮುಖ ಸುಟ್ಟಿತು. ಅವನು ನೆಲದಲ್ಲಿ ಹೊರಳಾಡುತ್ತಿದ್ದಾಗ ಮ್ಯಾನೇಜರ್ ಮಾಲೀಕರಿಗೆ ಫೋನ್ ಮಾಡಿ, "ದೊಡ್ಡದೇನಿಲ್ಲ ಸಾರ್, ಒಬ್ಬ ಸೆಕ್ಯೂರಿಟಿಗೆ ತಗುಲಿದೆ ಅಷ್ಟೆ" ಎಂದ.

"ಅವ್ನ ಹೆಸ್ರು ಸಮದ್. ಹೆಸ್ರು ಯೋಳು," ಎಂದ ಮುತ್ತುರಾಜು.

"ನೀನು ಗೇಟ್ ನೋಡ್ಕೊ, ಮಿಲ್ಟ್ರಿ. ಆಟೊ ಬರ್ತದೆ."

"ಗೇಟು ನೀನೇ ನೋಡ್ಕೊ. ಕಾರಿನ ಕೀ ಕೊಡು."

ದನಿ ಏರಿರಲಿಲ್ಲ. ಆದರೂ ಅವನ ಮುಖ ನೋಡಿ ಮ್ಯಾನೇಜರ್ ಕೀ ಕೊಟ್ಟ. ಮುತ್ತುರಾಜು ಸಮದನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಕನಕಪುರದ ಆಸ್ಪತ್ರೆಗೆ ಕಾರು ಓಡಿಸಿದ. ಜೀವ ಉಳಿಯಿತು, ಒಂದು ಕಣ್ಣು ಉಳಿಯಲಿಲ್ಲ.

ಮರುದಿನ ಕೆಲಸ ಹೋಯಿತು. ಮುತ್ತುರಾಜು ಸಮದನ ಹೆಂಡತಿ ಮುನ್ನೀಯನ್ನು ಕರೆದುಕೊಂಡು ಠಾಣೆಗೆ ಹೋಗಿ ದೂರು ಕೊಡಿಸಿ, ತಾನೇ ಸಾಕ್ಷಿಯಾದ. ದೂರು ವಾಪಸಾದರೆ ಕೆಲಸ ವಾಪಸ್ ಎಂದು ಮ್ಯಾನೇಜರ್ ಹೇಳಿಕಳಿಸಿದ. ಬಂದವನನ್ನು ಮುತ್ತುರಾಜು ಹಟ್ಟಿಯ ಬಾಗಿಲಿನಿಂದಲೇ ಅಟ್ಟಿದ.

ಕೇಸು ಇನ್ನೂ ಮುಗಿದಿಲ್ಲ. ವಾಯಿದೆಯ ದಿನ ಅವನು ಈಗ ತಾನೇ ಮೇಯಿಸುವ ಅಪ್ಪನ ಕುರಿಗಳನ್ನು ತಾಯಿ ದಾಸಮ್ಮನಿಗೆ ಒಪ್ಪಿಸಿ, ಸಮದ್ ಮತ್ತು ಮುನ್ನೀ ಜೊತೆ ರಾಮನಗರದ ಬಸ್ಸು ಹತ್ತುತ್ತಾನೆ.