ಗೇಟಿನಾಚೆಯ ಹಾಜರಿ

ನಮ್ಮ ಗಣಿತದ ಮೇಷ್ಟ್ರು ಅರಕಲಗೂಡಿನವರು. ಮೂವತ್ತರ ದಶಕದ ಕೊನೆಯಲ್ಲಿ ಮೈಸೂರಿನಲ್ಲಿ ಎಂ.ಎ. ಮುಗಿಸಿ ಪಾಠಕ್ಕೆ ನಿಂತವರು, ಬೇರೆ ಕೆಲಸದ ಕಡೆ ತಿರುಗಿಯೂ ನೋಡಲಿಲ್ಲ. ಯುದ್ಧದ ಕಾಲದಲ್ಲಿ ಪೆಟ್ರೋಲಿಲ್ಲದೆ ಇದ್ದಲಿನ ಗ್ಯಾಸಿನಿಂದ ಓಡುತ್ತಿದ್ದ ಬಸ್ಸು ಏರಿನಲ್ಲಿ ನಿಂತು ಎಲ್ಲರೂ ಇಳಿದು ತಳ್ಳುತ್ತಿದ್ದರೆ, ಇವರು ಒಳಗೇ ಕೂತು ಲೆಕ್ಕ ಬಿಡಿಸುತ್ತಿದ್ದರು. ಇದನ್ನು ಕಣ್ಣಾರೆ ಕಂಡವನ ಹಾಗೆ ಎಷ್ಟೋ ಜನಕ್ಕೆ ಹೇಳಿದ್ದೇನೆ. ಆ ಬಸ್ಸಿನಲ್ಲಿ ನಾನಿದ್ದೆನೋ, ಯಾರೋ ಹೇಳಿದ್ದೋ, ಈಗ ಖಾತ್ರಿಯಿಲ್ಲ.

ಅವರ ಪಾಠದ ಕ್ರಮ ಮಾತ್ರ ಚೆನ್ನಾಗಿ ನೆನಪಿದೆ. ಹುಡುಗ ಬೋರ್ಡಿನ ಮೇಲೆ ತಪ್ಪು ಮಾಡಿದರೆ ಅಳಿಸುತ್ತಿರಲಿಲ್ಲ. ಉಳಿದವರ ಕಡೆ ತಿರುಗಿ, "ಎಲ್ಲೀವರೆಗೆ ಸರಿ?" ಎಂದು ಕೇಳುತ್ತಿದ್ದರು.

ನಾನು ಹಾಸನದ ಕಾಲೇಜಿನಲ್ಲಿ ಎರಡನೆಯ ವರ್ಷದ ಇಂಟರ್‌ಮೀಡಿಯೆಟ್‌ನಲ್ಲಿದ್ದಾಗ ಮಹಾರಾಜರು ಅಧಿಕಾರವನ್ನು ಜನರ ಕೈಗೆ ಬಿಟ್ಟುಕೊಡಬೇಕೆಂಬ ಜವಾಬ್ದಾರಿ ಸರ್ಕಾರದ ಚಳವಳಿ ಬಂತು. ನಾವು ತರಗತಿ ಬಿಟ್ಟು ಗೇಟಿನ ಹೊರಗೆ ಕೂತೆವು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಚನ್ನರಾಯಪಟ್ಟಣದಲ್ಲಿ ಬಟ್ಟೆ ಅಂಗಡಿಯಿದ್ದ ಅಪ್ಪ ಮೊದಲೇ ಹೇಳಿಬಿಟ್ಟಿದ್ದರು: "ಈ ಸಲ ಪರೀಕ್ಷೆ ತಪ್ತೋ, ಬಂದು ಅಂಗ್ಡಿ ಗಲ್ಲಾದ ಮೇಲೆ ಕೂತ್ಕೊ. ಇನ್ನೊಂದು ವರ್ಸ ಓದ್ಸಾಕಾಗಲ್ಲ ಕಣ್ಲಾ." ಚಳವಳಿಯನ್ನೂ ಬಿಡಲಾರೆ, ಗಣಿತವನ್ನೂ ಬಿಡಲಾರೆ.

ಮೂರೋ ನಾಲ್ಕೋ ದಿನ ಕಳೆದ ಮೇಲೆ ಮೇಷ್ಟ್ರು ಜವಾನನಿಂದ ಬೋರ್ಡು ಹೊರಿಸಿಕೊಂಡು ಗೇಟಿನವರೆಗೆ ಬಂದರು. ಸರ್ಕಾರಿ ನೌಕರರಾದ ಅವರು ಹೊರಗೆ ಕಾಲಿಡಲಿಲ್ಲ, ನಾವು ಒಳಗೆ ಹೋಗಲಿಲ್ಲ. ಹಿಂದಿನ ತರಗತಿಯಲ್ಲಿ ಅರ್ಧಕ್ಕೆ ನಿಂತಿದ್ದ ಒಂದು ತಪ್ಪು ಲೆಕ್ಕವನ್ನು ಬರೆದು ಪಕ್ಕಕ್ಕೆ ಸರಿದರು. ಘೋಷಣೆ ಕೂಗುತ್ತಿದ್ದವರ ಕಣ್ಣು ಬೋರ್ಡಿನ ಮೇಲೆ ಬಿತ್ತು. ದನಿ ಸಣ್ಣಗಾಯಿತು. "ಎರಡ್ನೇ ಸಾಲಿನ್ಗಂಟ ಸರಿ ಸಾ," ಎಂದ ಯಾರೋ. ಅದು ನಾನೇ ಎಂದು ನನಗೆ ಅನ್ನಿಸುತ್ತದೆ. ನಮ್ಮ ಮುಂದಾಳಾಗಿದ್ದ ಹೊಳೆನರಸೀಪುರದ ಗೆಳೆಯ ತಾನೇ ಎನ್ನುತ್ತಾನೆ. ಅವನ ಪ್ರಕಾರ ಬೋರ್ಡು ಇದ್ದದ್ದು ಮರದ ಕೆಳಗೆ. ಗೇಟನ್ನು ಮಾತ್ರ ನಾನು ಬಿಟ್ಟುಕೊಡಲಾರೆ. ಅದರ ಸರಳುಗಳ ನಡುವೆ ಕತ್ತು ತೂರಿಸಿ ಓದಿದವನು ನಾನು.

ಪಾಠ ಮುಗಿದಾಗ ಮೇಷ್ಟ್ರು ರಿಜಿಸ್ಟರ್ ತೆರೆದರು. ಗೆಳೆಯ ಎದ್ದು ನಿಂತ.

"ಹಾಜ್ರಿ ಹಾಕ್ಬೇಡಿ ಸಾ. ಮುಷ್ಕರ ಮುರ್ದಂಗಾಯ್ತದೆ."

"ಹಾಕದಿದ್ರೆ ನಾನು ಸುಳ್ಳು ಬರೆದ ಹಾಗಾಗತ್ತಪ್ಪ. ಮುಷ್ಕರ ನಿಮ್ಮದು, ರಿಜಿಸ್ಟರ್ ನಂದು."

"ಗೇಟಿನಾಚೆ ನಿಂತೋನು ಎಂಗ್ ಸಾ ಹಾಜರು?"

"ಈಗ ಪ್ರಶ್ನೆ ಕೇಳಿದ್ಯಲ್ಲ, ಹಾಗೆ," ಎಂದು ಅವನ ಹೆಸರಿನ ಮುಂದೆ ಗುರುತು ಹಾಕಿದರು. ನಾವು ನಕ್ಕೆವು. ಗೆಳೆಯ ಮುಖ ಗಂಟಿಕ್ಕಿಕೊಂಡ, ಆದರೆ ಮಾರನೆಯ ದಿನ ಗೇಟಿನ ಪಾಠಕ್ಕೆ ಎಲ್ಲರಿಗಿಂತ ಮುಂದೆ ಬಂದು ಕೂತ.

ಪ್ರಿನ್ಸಿಪಾಲರು ಅವರನ್ನು ಕರೆಸಿ ವಿವರಣೆ ಕೇಳಿದರು. ಒಳಗಿನ ಮಾತು ನಮಗೆ ತಿಳಿದದ್ದು ಬಾಗಿಲಲ್ಲಿ ನಿಂತಿದ್ದ ಜವಾನನಿಂದ. ಅವನೂ ಒಂದಿಷ್ಟು ಸೇರಿಸಿರಬಹುದು. "ಪಾಠ ಕೇಳಿ ಉತ್ತರ ಕೊಟ್ಟವನನ್ನ ನಾನು ಗೈರುಹಾಜರು ಅಂತ ಬರೆಯೋದಿಲ್ಲ. ಬೇಕಾದ್ರೆ ನನ್ನನ್ನ ವರ್ಗ ಮಾಡಿ," ಎಂದರಂತೆ. ಮಾತು ಹೀಗೇ ಇತ್ತೋ ಇಲ್ಲವೋ, ಅವರು ಒಂದು ಗುರುತನ್ನೂ ಅಳಿಸಲಿಲ್ಲ. ವರ್ಗವೂ ಆಗಲಿಲ್ಲ.

ಚಳವಳಿ ಮುಗಿದ ಮೇಲೆ ಉಳಿದ ವಿಷಯಗಳ ಹಾಜರಿ ತುಂಬಲು ಭಾನುವಾರಗಳಲ್ಲಿ ತರಗತಿಗಳು ನಡೆದವು. ಗಣಿತಕ್ಕೆ ಅದರ ಅಗತ್ಯವೇ ಬೀಳಲಿಲ್ಲ. ನಾವು ಪರೀಕ್ಷೆಗೆ ಕೂತೆವು.

ಫಲಿತಾಂಶ ಬಂದ ದಿನ ಅಪ್ಪ ಗಿರಾಕಿಗೆ ಹರಡಿ ತೋರಿಸಿದ ಪಂಚೆ ಮಡಿಸುತ್ತಿದ್ದರು.

"ಏನಾಯ್ತ್ಲಾ?"

"ಪಾಸಾಯ್ತು. ಗಣಿತದಲ್ಲಿ ಮೊದಲನೇ ಕ್ಲಾಸು."

ಅವರು ಪಂಚೆ ಮಡಿಸುವುದನ್ನು ನಿಲ್ಲಿಸಲಿಲ್ಲ. "ಅಂಗಾದ್ರೆ ಮೈಸೂರ್ಗೆ ಓದಾಕೆ ಓಗು. ಅಂಗ್ಡಿ ಎಲ್ಲೂ ಓಡೋಗಾಕಿಲ್ಲ."