ಟೀವಿಯ ತಲೆ ಮೇಲಿನ ಪದವೀಧರ

ನಮ್ಮ ಚಿತ್ತವಾಡ್ಗಿಯ ಮನೆಯಲ್ಲಿ ಟೀವಿಯ ತಲೆಯ ಮೇಲೆ ಹೆಣಿಕೆಯ ಬಿಳಿ ಬಟ್ಟೆಯೊಂದು ಹಾಸಿರುತ್ತಿತ್ತು. ಅದರ ನಟ್ಟನಡುವೆ, ಎರಡು ಪ್ಲಾಸ್ಟಿಕ್ ಗುಲಾಬಿಗಳ ಕಾವಲಿನಲ್ಲಿ, ಕರಿಯ ನಿಲುವಂಗಿ ತೊಟ್ಟು, ಕಾಗದದ ಸುರುಳಿಯೊಂದನ್ನು ಎದೆಗೊತ್ತಿಕೊಂಡು ನಾನು ಚೌಕಟ್ಟಿನೊಳಗೆ ನಿಂತಿದ್ದೆ. ಹೊಲಕ್ಕೆ ಕಾಲುವೆಯ ನೀರು ಬಂತು, ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ನನ್ನ ಬಿ.ಎ. ಬಂತು, ನಮ್ಮ ವಂಶದಲ್ಲಿ ಆ ಬೆಳೆಗೆ ಅದೇ ಮೊದಲ ಕೊಯ್ಲು. ನಿಲುವಂಗಿ ಬಾಡಿಗೆಯದು, ಸುರುಳಿ ಸ್ಟುಡಿಯೋದವನ ಹಳೇ ಕ್ಯಾಲೆಂಡರು, ಮುಖದ ಗಾಂಭೀರ್ಯ ಮಾತ್ರ ಸ್ವಂತದ್ದು, ಅದಕ್ಕೂ ಟೈ ಬಿಗಿಯಾದದ್ದೇ ಕಾರಣ. ಆದರೂ ಆ ಪಟದ ಮುಂದೆ ಊದುಬತ್ತಿ ಹಚ್ಚದೆ ಬಿಟ್ಟದ್ದು ನಮ್ಮ ಮನೆಯವರ ಸಂಯಮವೆಂದೇ ಹೇಳಬೇಕು. ಬದುಕಿರುವವನಿಗೆ ಹಚ್ಚಬಾರದೆಂದು ಪಕ್ಕದ ಮನೆಯವರು ತಡೆದಿದ್ದರಂತೆ.

ಮಗನಿಗೆ ಮೀಸೆ ಬಂತೆಂದರೆ ಅಪ್ಪ ಅವನೊಡನೆ ನೇರ ಮಾತಾಡದೆ, ಎಲ್ಲವನ್ನೂ ಅಡುಗೆಮನೆಯ ಮೂಲಕ ಕಳಿಸುವ ಪದ್ಧತಿ ನಿಮ್ಮಲ್ಲಿಯೂ ಇದ್ದೀತು. ನಮ್ಮಲ್ಲಿ ಪದವಿಯ ಕಾಟವೂ ಸೇರಿತು. ಬಿ.ಎ. ಆದ ಮರುದಿನದಿಂದ ಅಪ್ಪ ನನಗೆ ಬಹುವಚನ ದಯಪಾಲಿಸಿದ. ನಾನು ಎದುರಿಗೇ ಕೂತಿದ್ದರೂ ಅವ್ವನ ಕಡೆ ತಿರುಗಿ, “ಅವರಿಗೆ ಉಣ್ಣಾಕ ಏಳಾಕ ಹೇಳು” ಎನ್ನುತ್ತಿದ್ದ. ‘ಲೇ’ ಎಂದು ಕರೆಸಿಕೊಂಡು ಬೆಳೆದವನಿಗೆ ಆ ‘ಅವರು’ ಬಾಡಿಗೆಯ ನಿಲುವಂಗಿಯಂತೆ ಕಂಕುಳಲ್ಲಿ ಹಿಡಿಯುತ್ತಿತ್ತು. ಆದರೂ ಹೇಗೋ ಮನೆ ನಡೆಯಿತು, ಏಕೆಂದರೆ ಅವ್ವ ಮಾತನ್ನು ಬರೀ ದಾಟಿಸುತ್ತಿರಲಿಲ್ಲ, ತೊಳೆದು ದಾಟಿಸುತ್ತಿದ್ದಳು. “ಅವರಿಗೆ ಹೊಲದ ದಾರಿ ಮರ್ತೈತೇನು, ಕೇಳು” ಎಂದು ಅಂಗಳದಲ್ಲಿ ಹೊರಟದ್ದು ನನ್ನ ಕೋಣೆ ಮುಟ್ಟುವ ಹೊತ್ತಿಗೆ, “ನಿಮ್ಮಪ್ಪಗ ಒಬ್ಬನಿಗ ಬ್ಯಾಸರ ಆಗೇತಪ್ಪ, ಐತವಾರ ಹೋಗಿ ಬಾ” ಎಂದಾಗಿರುತ್ತಿತ್ತು.

ಆ ಅವ್ವನ ಕಿವಿ ವರ್ಷದಿಂದ ವರ್ಷಕ್ಕೆ ಮಂದವಾಗತೊಡಗಿತು. ಮಾತು ದಾಟಿಸಲು ಕೊಟ್ಟರೆ ತಲುಪದು, ತಲುಪಿದರೆ ಅರ್ಧ. ಅಪ್ಪನೂ ನಾನೂ ನಡುವೆ ಸೇತುವೆ ಬಿದ್ದ ಎರಡು ದಂಡೆಗಳಂತೆ ಒಬ್ಬರನ್ನೊಬ್ಬರು ನೋಡುತ್ತ ಕೂತೆವು. ಅವಳಿಗಾದರೋ ನಮ್ಮ ಮೌನಕ್ಕಿಂತ ಸಿನಿಮಾದ ಚಿಂತೆ ದೊಡ್ಡದಾಗಿತ್ತು. ಹಾಡು ಕೇಳಿಸದಿದ್ದರೆ ಹೋಗಲಿ, ಹೊಡೆದಾಟ ಕಣ್ಣಿಗೆ ಕಂಡರೆ ಸಾಕು. ಆದರೆ ಅತ್ತೆ ಸೊಸೆಗೆ ಏನಂದಳೆಂಬುದು ತಿಳಿಯದಿದ್ದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. “ಏನಂದ್ಲು ಆಕಿ?” ಎಂದು ಕೇಳಿ ಕೇಳಿ, ಕೊನೆಗೆ ಸಂಕೋಚವಾಗಿ ಕೇಳುವುದನ್ನೇ ಬಿಟ್ಟಳು. ಎಲ್ಲರೂ ನಕ್ಕಾಗ ತಾನೂ ಒಂದು ಗಳಿಗೆ ತಡವಾಗಿ ನಗುತ್ತಿದ್ದಳು. ಆ ತಡವಾದ ನಗುವನ್ನು ನನ್ನಿಂದ ನೋಡಲಾಗಲಿಲ್ಲ.

ಸಂಡೂರಿನ ಗಣಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು ಹೋಂ ಥಿಯೇಟರ್ ಎಂಬ ಹೊಸ ವೈಭವವನ್ನು ಮನೆಗೆ ತಂದೆ. ಆಳೆತ್ತರದ ಎರಡು ಸ್ಪೀಕರು ಟೀವಿಯ ಅಕ್ಕಪಕ್ಕ ನಿಂತವು. ಗುಡುಗಿದರೆ ನಾಗಂದಿಗೆಯ ತಟ್ಟೆ ಲೋಟಗಳು ನಡುಗಿದವು, ಖಳನಾಯಕ ಬಿದ್ದರೆ ನಮ್ಮ ಎಮ್ಮೆ ಎದ್ದಿತು. ಅತ್ತೆಯ ಮಾತು ಮಾತ್ರ ಇನ್ನಷ್ಟು ಮುಳುಗಿತು. ಅಂಗಡಿಯವನನ್ನು ವಿಚಾರಿಸಿದರೆ ಆಗ ಬಾಯಿಬಿಟ್ಟ: ಪಕ್ಕದ ಪೆಟ್ಟಿಗೆಗಳು ಗದ್ದಲಕ್ಕೆ, ಮಾತನ್ನೆಲ್ಲ ಹೊರುವುದಕ್ಕೆ ನಡುವೆ ಇನ್ನೊಂದು ಬೇಕು, ಸೆಂಟರ್ ಸ್ಪೀಕರ್. ನೋಡಿ, ಲೋಕದ ರೀತಿಯೇ ಇದು. ಕಬ್ಬಿನ ದುಡ್ಡು ಕಂಡ ನಮ್ಮೂರು ಗದ್ದಲಕ್ಕೆ ಸದಾ ಎರಡೆರಡು ಪೆಟ್ಟಿಗೆ ಕೊಂಡಿತು, ಟ್ರ್ಯಾಕ್ಟರಿಗೂ ಎರಡು ಕಟ್ಟಿಸಿತು. ಮಾತು ಹೊರುವ ಪೆಟ್ಟಿಗೆಯ ನೆನಪು ಮಾತು ನಿಂತ ಮೇಲೆಯೇ ಆಗುವುದು.

ಆ ನಡುವಿನ ಪೆಟ್ಟಿಗೆ ಆರಿಸಲು ಅಪ್ಪನೂ ಬಂದ. ಅಂಗಡಿಯಲ್ಲಿ ಅವ್ವನಿಲ್ಲದ್ದರಿಂದ ಅವಳ ಕೆಲಸ ಅಂಗಡಿಯವನ ತಲೆಗೆ ಬಂತು. ಹಂಪಿಗೆ ಬಂದ ಪ್ರವಾಸಿಗರು ಸಂಗೀತದ ಕಂಬ ಬಡಿಯುವಂತೆ ಅಪ್ಪ ಒಂದೊಂದೇ ಪೆಟ್ಟಿಗೆಯನ್ನು ಬೆರಳಿನಿಂದ ಕುಟ್ಟಿ, ಎತ್ತಿ ತೂಗಿ ನೋಡಿ, “ಸಾವ್ಕಾರ, ಅವರಿಗೆ ಹೇಳ್ರಿ, ಇದು ಟೊಳ್ಳೈತಿ” ಎಂದ.

“ಟೊಳ್ಳು ಇರದಿದ್ರ ಹೆಂಗ್ ಮಾತಾಡ್ತೈತಿ? ಅಪ್ಪಗ ಹೇಳ್ರಿ” ಎಂದೆ ನಾನು, ಇಂಗ್ಲಿಷ್ ಕರಪತ್ರದಿಂದ ತಲೆ ಎತ್ತದೆ. ಅದರಲ್ಲಿ ನನಗೆ ತಿಳಿದದ್ದು ಪೆಟ್ಟಿಗೆಯ ಬಣ್ಣ ಕರಿ ಎಂಬುದಷ್ಟೇ.

ಅಂಗಡಿಯವನು ಇಬ್ಬರನ್ನೂ ಒಮ್ಮೆ ನೋಡಿದ. “ಏನ್ರಿ ಯಜಮಾನ್ರ, ಇಬ್ಬರೂ ಒಂದ ಮನ್ಯಾಗ ಇರ್ತೀರೋ, ಇಲ್ಲ ಕೋರ್ಟಿನ್ಯಾಗ ಕೇಸೈತೋ? ಅದಿರ್ಲಿ, ಇದು ಯಾರಿಗೆ ಕೇಳಸ್ಬೇಕು?”

“ನಮ್ಮವ್ವಗ.”

“ಮತ್ತ ಅವ್ವಾರೆಲ್ಲಿ?”

ಕಿವಿ ಯಾರದೋ ಅವರನ್ನು ಮನೆಯಲ್ಲಿ ಬಿಟ್ಟು, ನಾಲ್ಕು ಬೇರೆ ಕಿವಿಗಳು ಬಂದಿದ್ದವು. ಹೆಂಗಸರು ಬಳೆಯಂಗಡಿಗೆ, ಗಂಡಸರು ಮಷೀನಿನಂಗಡಿಗೆ. ಈ ವಿಂಗಡಣೆಯನ್ನು ಹೊಲದಲ್ಲಿ ದುಡಿಯುವ ಅಪ್ಪ ಪ್ರಶ್ನಿಸಲಿಲ್ಲ, ಸಮಾಜಶಾಸ್ತ್ರ ಓದಿದ ನನಗಂತೂ ಪ್ರಶ್ನಿಸುವ ಪ್ರಮೇಯವೇ ಬರಲಿಲ್ಲ. ಅಂಗಡಿಯವನು ಅಪ್ಪ ಟೊಳ್ಳೆಂದದ್ದನ್ನೂ ಸೇರಿಸಿ ಎರಡು ಪೆಟ್ಟಿಗೆಗಳನ್ನು ಆಟೋದಲ್ಲಿ ಹಾಕಿಸಿ, “ಯಾವುದು ಅವ್ವಾರಿಗೆ ಕೇಳಸ್ತೈತಿ, ಅದನ್ನ ಇಟ್ಕೊಳ್ರಿ. ಟೀವಿ ಮ್ಯಾಲೆ, ನಡುವ ಇಡ್ರಿ ಮತ್ತ, ಮುಖಕ್ಕ ಸರಿಯಾಗಿ” ಎಂದು ಕಳಿಸಿಕೊಟ್ಟ.

ಟೀವಿಯ ಮೇಲೆ, ನಡುವೆ, ಯಾರಿದ್ದರೆಂದು ನಿಮಗೆ ಗೊತ್ತೇ ಇದೆ.

ಆ ಪದವೀಧರನನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಪೆಟ್ಟಿಗೆಗಳನ್ನು ಒಂದಾದ ಮೇಲೊಂದು ನೆಲದ ಮೇಲಿಟ್ಟು ಹಚ್ಚಿದೆವು. ಮಾತೆಲ್ಲ ಅವ್ವನ ಮೊಣಕಾಲಿಗೆ ಕೇಳಿಸಿತೇ ಹೊರತು ಕಿವಿಗೆ ಮುಟ್ಟಲಿಲ್ಲ. ಪರದೆಯ ಮೇಲೆ ಅತ್ತೆ ಬೆರಳೆತ್ತಿ ಏನೋ ಅಂದಳು. ನಾವಿಬ್ಬರೂ ಅರಿಯದೆ ನಕ್ಕೆವು. ಅವ್ವ ನಮ್ಮ ಮುಖ ನೋಡಿದಳು, ಆಮೇಲೆ ನಕ್ಕಳು.

ನಾನು ಎದ್ದು ಪಟದತ್ತ ಕೈ ಚಾಚಿದೆ. “ಅವರಿಗೆ ಹೇಳು, ಫೋಟೋ ಮುಟ್ಟಬ್ಯಾಡಂತ” ಎಂದ ಅಪ್ಪ. ಅವ್ವನಿಗೆ ಕೇಳಿಸಲಿಲ್ಲ. “ಅಪ್ಪಗ ಹೇಳವ್ವ, ಬಾಜೂಕ ಸರಸ್ತೀನಿ ಅಷ್ಟ” ಎಂದೆ ನಾನು. ಅದೂ ಕೇಳಿಸಲಿಲ್ಲ. ನಡುವೆ ಕೂತವಳು ಪರದೆಯಲ್ಲಿ ಕಣ್ಣು ನೆಟ್ಟು, ಅತ್ತೆಯ ತುಟಿಯ ಜೊತೆ ತನ್ನ ತುಟಿಯನ್ನೂ ಅಲ್ಲಾಡಿಸುತ್ತ, ಮಾತನ್ನು ಅಲ್ಲಿಂದಲೇ ಹೆಕ್ಕಲು ನೋಡುತ್ತಿದ್ದಳು. ಅಪ್ಪ ಅದನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಒಮ್ಮೆಲೇ ಗದರಿದ:

“ಲೇ, ತಗೀಯೋ ಅದನ್ನ! ನಿಮ್ಮವ್ವಗ ಕೇಳಸವಲ್ದು, ನಿಂದೇನು ಅಲ್ಲಿ ದೌಲತ್ತು?”

ಕಾಲೇಜಿನವರು ಕೊಟ್ಟ ಯಾವ ಪ್ರಶಸ್ತಿಯೂ ನನಗೆ ಅಷ್ಟು ಹಿತವಾಗಿ ಕೇಳಿಸಿರಲಿಲ್ಲ. ಪಟ ತೆಗೆದು ಕೊಟ್ಟೆ; ಅಪ್ಪ ಪಂಚೆಯ ತುದಿಯಿಂದ ಗಾಜು ಒರೆಸಿ ಅದನ್ನು ಮಡಿಲಲ್ಲಿಟ್ಟುಕೊಂಡ. ಟೊಳ್ಳೆಂದು ಅವನು ತಿರಸ್ಕರಿಸಿದ್ದ ಪೆಟ್ಟಿಗೆಯೇ ಮೇಲೇರಿತು. ಅತ್ತೆ ಬಾಯಿ ತೆರೆದಳು, ಅವ್ವ ಕಣ್ಣರಳಿಸಿದಳು, ಈ ಬಾರಿ ನಮಗಿಂತ ಮೊದಲೇ ನಕ್ಕಳು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿ, “ಸಣ್ಣ ಮಾಡ್ರಿ, ನಾನೇನು ಕಿವುಡಿ ಅದೀನೇನು?” ಎಂದಳು.

ಆ ಹೆಣಿಕೆಯ ಬಟ್ಟೆಯನ್ನು ಅವ್ವ ಈಗ ಪೆಟ್ಟಿಗೆಗೆ ಹೊದಿಸುತ್ತಾಳೆ, ಧೂಳು ಕೂರಬಾರದೆಂದು. ಅದರ ಬಾಯಿಯೂ ಮುಚ್ಚುತ್ತದೆಂದು ನಾನು ದಿನಾ ಸರಿಸುತ್ತೇನೆ. ಪ್ಲಾಸ್ಟಿಕ್ ಗುಲಾಬಿಗಳೂ ಅದರ ಅಕ್ಕಪಕ್ಕಕ್ಕೇ ಬಂದಿವೆ. ಪದವೀಧರನಿಗೆ ಜೋಳದ ಡಬ್ಬದ ಮೇಲೆ ಜಾಗ ಸಿಕ್ಕಿದೆ. ಜೋಳ ತೆಗೆಯುವಾಗಲೆಲ್ಲ ಅವನನ್ನು ಎತ್ತಿ ಕೆಳಗಿಡಬೇಕು. ಆ ಕೆಲಸಕ್ಕೆ ಅಪ್ಪ ಅಂಗಳದಿಂದ ಯಾರ ಮೂಲಕವೂ ಅಲ್ಲ, ನನ್ನನ್ನೇ ಕೂಗುತ್ತಾನೆ: “ಲೇ, ಬಾರೋ ಇಲ್ಲಿ, ನಿನ್ನ ಬಿ.ಎ. ಸರಸು!”